ಕಮಾನಿನ ಎತ್ತರ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಕ್ಷಿತಾ ಹಳೆಯ ಅಗ್ನಿಶಾಮಕ ಠಾಣೆಯ ಕಲ್ಲುಕಮಾನಿನ ಅಗಲ ಅಳೆದಳು. ಹತ್ತೂವರೆಗೆ ಎತ್ತರ. ಹತ್ತು ನಲವತ್ತಕ್ಕೆ ಎತ್ತರವನ್ನೇ ಮತ್ತೊಮ್ಮೆ ಅಳೆದಳು. ಕೈಪಂಪಿನ ಗಾಡಿಗಾಗಿ ಠಾಣೆ ಕಟ್ಟಿದಾಗಿನ 1936ರ ನಕ್ಷೆಯಲ್ಲಿ ಹನ್ನೊಂದು ಅಡಿ; ಈಗ ಹತ್ತು ಅಡಿ ಒಂದು ಅಂಗುಲ. ಕಂಬಗಳ ಬುಡದಲ್ಲಿ ಇರಬೇಕಾಗಿದ್ದ ಪದ್ಮದ ಕೆತ್ತನೆ ಕಾಣಿಸುತ್ತಲೇ ಇರಲಿಲ್ಲ.

ಅವಳು ಬಂದದ್ದು ವಿಚಾರಣಾ ಸಮಿತಿಗೆ ಕಟ್ಟಡದ ವಿವರ ಸಿದ್ಧಪಡಿಸಲು. ಹದಿನೈದು ದಿನಗಳ ಹಿಂದೆ ಮೆಕ್ಕೆಜೋಳದ ಗೋದಾಮಿಗೆ ಬೆಂಕಿ ಬಿದ್ದಾಗ ವಾಹನ ಏಳೇ ನಿಮಿಷದಲ್ಲಿ ತಲುಪಿತ್ತು, ಏಣಿಯಿಲ್ಲದೆ. ಮೇಲಂತಸ್ತಿನಲ್ಲಿ ಸಿಲುಕಿದ್ದ ಕತ್ತಲಗೆರೆಯ ಕೂಲಿಕಾರ್ತಿ ಸುಂಕಲಮ್ಮ ಜಿಗಿದು ಸತ್ತಳು. ಠಾಣೆಗೆ ವರ್ಗವಾಗಿ ಬಂದು ಎರಡೇ ದಿನವಾಗಿದ್ದ ಚಾಲಕ ದುರುಗೇಶ್, ಏಣಿ ಮರೆತನೆಂಬ ಆರೋಪದ ಮೇಲೆ ಅಮಾನತಾಗಿದ್ದ. ಅವನ ನೌಕರಿ ಉಳಿಯುವುದೋ ಹೋಗುವುದೋ ನಾಳೆಯ ವರದಿಯಲ್ಲಿತ್ತು.

“ಮರೆವಿಗೂ ಟೇಪ್ ಹಿಡಿತಾರೇನಮ್ಮ?” ಠಾಣಾಧಿಕಾರಿ ಓಂಕಾರಪ್ಪ ನಕ್ಕರು.

“ಮರೀಲಿಲ್ಲ ರೀ ಮೇಡಂ,” ಬಾಗಿಲಾಚೆ ನಿಂತಿದ್ದ ದುರುಗೇಶ್ ಹೇಳಿದ. “ಓಡಿ ಹೋಗಿ ಎಳೆದೆ. ಬರ್ಲೇ ಇಲ್ಲ.”

“ಕೇಳ್ರಿ ಇವನ ಮಾತು! ಏಣಿ ಏನು ಮುನಿಸ್ಕೊಂಡು ಕುಂತಿತ್ತಾ, ತವರಿಗೆ ಬಂದ ಮಗಳಂಗೆ? ಐದು ವರ್ಷದಿಂದ ಪ್ರತಿ ಕರೆಗೂ ಕಟ್ಕೊಂಡೇ ಹೋಗೀವಿ. ರಿಜಿಸ್ಟರ್ ಐತೆ, ನನ್ನ ಸಹಿ ಐತೆ.”

“ಸಾರ್, ಕಮಾನು ಹನ್ನೊಂದು ಅಂಗುಲ ಗಿಡ್ಡ ಆಗೈತಲ್ಲ, ಹೆಂಗೆ?” ಅಕ್ಷಿತಾ ಕೇಳಿದಳು.

“ಕಮಾನಲ್ಲಮ್ಮ, ನೆಲ ಎದ್ದೈತೆ. ಮಳೆ ನೀರು ಒಳಗೆ ನುಗ್ತಿತ್ತು. ಮೂರು ವರ್ಷದ ಹಿಂದೆ ಕಾಂಕ್ರೀಟ್ ಹಾಕಿಸಿದ್ವಿ. ದೊಡ್ಡ ಸಾಹೇಬ್ರು ನೋಡಾಕೆ ಬರೋರಿದ್ರು, ಒಂದೇ ದಿನದಾಗೆ ಮುಗಿಸಿಬಿಟ್ವಿ.”

ಅಕ್ಷಿತಾ ಅದನ್ನೂ ಬರೆದುಕೊಂಡು, ಒಳಗೆ ಹಿಂಗೋಡೆಗೆ ಒರಗಿಸಿದ್ದ ಏಣಿಯ ಬಳಿ ಹೋದಳು. ಸಾಮಗ್ರಿ ಪಟ್ಟಿಯ ಪ್ರಕಾರ ಹದಿನಾಲ್ಕು ಮೆಟ್ಟಿಲು. ಎಣಿಸಿದಳು: ಹದಿಮೂರು. ಮೇಲಿನಿಂದ ಕೆಳಕ್ಕೆ ಪುನಃ ಎಣಿಸಿದಳು. ಎರಡೂ ಕೈಗಳಿಂದ ಹಿಡಿದು ಎತ್ತಿದಳು. ಏಣಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಮಂಡಿಯೂರಿ ಬುಡದ ಧೂಳು ಒರೆಸಿದಳು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಬರೆದಳು: “ಏಣಿಯ ಕೆಳಗಿನ ಮೆಟ್ಟಿಲು ಮೂರು ವರ್ಷಗಳಿಂದ ಕಾಂಕ್ರೀಟಿನ ಒಳಗಿದೆ.”