ಮಣ್ಣಿಗೆ ಬಂದವರು

ಹೂವಮ್ಮ ಸತ್ತದ್ದು ಕೋಳಿ ಕೂಗುವ ಹೊತ್ತಿಗೆ. ಹೊತ್ತು ನೆತ್ತಿಗೇರಿದರೂ ಗುಂಡಿ ಅಗೆಯುವುದು ಶುರುವಾಗಿರಲಿಲ್ಲ. ಮಗ ಜಟ್ಟಪ್ಪ ಗದ್ದೆಯ ಮೇಲಿನ ದಿಬ್ಬದಲ್ಲಿ, ಅಪ್ಪನ ಸಮಾಧಿಯ ಪಕ್ಕ, ಹಾರೆ ಹಿಡಿದು ನಿಂತೇ ಇದ್ದ. ಎದುರಿಗೆ, ಅವನು ಗೇಣಿಗೆ ಉಳುತ್ತಿದ್ದ ಆ ಗದ್ದೆಯ ಒಡೆಯರಾದ ವೀರಬಸಪ್ಪ. ಸೊರಬದ ಪೇಟೆಯಲ್ಲಿ ಭತ್ತದ ಮಂಡಿ ಇಟ್ಟವರು. ಸಾವಿನ ಸುದ್ದಿ ಕೇಳಿದ್ದೇ ಬಸ್ಸು ಹತ್ತಿ ಜಟ್ಟಪ್ಪನ ಊರಾದ ಉಳವಿಗೆ ಬಂದಿದ್ದರು. ಹೆಣಕ್ಕೆ ಹೊದಿಸಲು ಹೊಸ ಬಿಳಿ ಬಟ್ಟೆಯನ್ನೂ ತಂದಿದ್ದರು. ಬಟ್ಟೆ ಕೊಟ್ಟು, ಕೈಮುಗಿದು, ಕಣ್ಣೊರೆಸಿಕೊಂಡು, ಆಮೇಲೆ ಹೇಳಿದ್ದರು: “ಇಲ್ಲಿ ಮಾತ್ರ ಅಗೀಬೇಡ ಜಟ್ಟಪ್ಪ.”

“ಅಪ್ಪನ್ನ ಇಲ್ಲೇ ಮಣ್ಣು ಮಾಡೀವಲ್ರೀ ಸಾವ್ಕಾರ್ರೆ. ಆವಾಗ ನಿಮ್ಮ ತಂದೆಯೋರೇ ಮುಂದೆ ನಿಂತಿದ್ರು.”

“ಆಗಿನ ಕಾಲ ಬೇರೆ. ಈಗ ಉಳೋನಿಗೇ ಭೂಮಿ ಅಂತ ಕಾಯ್ದೆ ತರ್ತಾರಂತೆ. ನಿನ್ನಪ್ಪ ಅವ್ವ ಇಬ್ಬರೂ ಇಲ್ಲೇ ಮಲಗಿದ ಮೇಲೆ, ಇದು ನಮ್ಮದೇ ಗದ್ದೆ ಅಂತ ನಾಳೆ ನೀನೇ ಹೇಳ್ತೀಯ. ನೀನು ಹೇಳದಿದ್ರೂ ಹೇಳ್ಸೋರು ಇದಾರೆ.”

ವೀರಬಸಪ್ಪ ಕೆಟ್ಟವರಲ್ಲ. ಮಳೆ ಕೈಕೊಟ್ಟ ವರ್ಷ ಗೇಣಿಗಾಗಿ ಪೀಡಿಸಿದವರಲ್ಲ. ಆದರೆ ಕಾಯ್ದೆಯ ಸುದ್ದಿ ಹಬ್ಬಿದಂದಿನಿಂದ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಗೇಣಿಗೆ ಕೊಟ್ಟ ಗದ್ದೆಯಲ್ಲಿ ಯಾರಾದರೂ ಒಂದು ಗೂಟ ನೆಟ್ಟರೂ ಎದೆ ಹೊಡೆದುಕೊಳ್ಳುತ್ತಿತ್ತು. ಸುತ್ತ ಕೂತಿದ್ದ ನೆಂಟರಿಷ್ಟರ ಕಡೆ ಒಮ್ಮೆ ನೋಡಿದರು.

“ಒಂದು ಮಾಡು. ಈ ಸುಗ್ಗಿ ಮುಗಿದ ಮೇಲೆ ಗದ್ದೆ ಬಿಟ್ಟುಕೊಡ್ತೀನಿ ಅಂತ ಇವರೆಲ್ಲರ ಎದುರಿಗೆ ಹೇಳಿಬಿಡು. ಅವ್ವನ್ನ ಇಲ್ಲೇ ಮಲಗಿಸು. ಸಮಾಧಿಗೆ ಕಲ್ಲು ನಾನೇ ಹಾಕಿಸ್ತೀನಿ.”

ಜಟ್ಟಪ್ಪ ಅಪ್ಪನ ಸಮಾಧಿಯ ಕಡೆ ತಿರುಗಿದ. ಜ್ವರದಲ್ಲಿ ಬಳಲುತ್ತಿದ್ದ ಅವ್ವ ಅವನ ಕೈ ಹಿಡಿದು, “ನನ್ನ ಅವರ ಪಕ್ಕಕ್ಕೇ ಹಾಕಪ್ಪ” ಎಂದದ್ದು ಕಿವಿಯಲ್ಲೇ ಇತ್ತು. ಮನೆಯಲ್ಲಿ ಹೆಣ ಕಾಯುತ್ತಿದೆ. ಅವನ ತುಟಿ ಅಲುಗಿತು. “ಆಯ್ತು…”

“ತಡೀರಿ!”

ಅವನ ಹೆಂಡತಿ ತಿಮ್ಮಮ್ಮ ಬದುವಿನ ಮೇಲೆ ಬಿರಬಿರನೆ ಬರುತ್ತಿದ್ದಳು. ಅತ್ತೆಯ ಹೆಣಕ್ಕೆ ನೀರು ಹಾಕಿ ಬಂದ ಕೈ ಇನ್ನೂ ಒದ್ದೆಯಿತ್ತು. ಸಾವ್ಕಾರರ ಮಾತು ಬದುವಿನವರೆಗೂ ಕೇಳಿತ್ತು.

“ಸತ್ತೋರಿಗೆ ಜಾಗ ಕೇಳಾಕೆ ಬಂದು ಬದುಕಿರೋರ ಅನ್ನ ಬಿಟ್ಟುಕೊಡೋದಾ? ಅತ್ತೆ ಎದ್ದು ಬಂದು ಬೈತಾರೆ.”

“ಗದ್ದೆ ನಂದು ತಿಮ್ಮಮ್ಮ,” ಎಂದರು ವೀರಬಸಪ್ಪ. “ನಮ್ಮಜ್ಜ ಕಾಡು ಕಡಿದು ಮಾಡಿದ್ದು. ನನಗೆ ಹುಟ್ಟಿನಿಂದಲೇ ಬಂದ ಹಕ್ಕು.”

“ಕಡಿಯಾಕೆ ಮುಂಚೆ ಈ ಕಾಡು ಯಾರದಿತ್ರೀ?”

ಹೀಗೆ ಅವರನ್ನು ಯಾರೂ ಕೇಳಿರಲಿಲ್ಲ. “ಯಾರದೂ ಅಲ್ಲ,” ಎಂದರು.

“ಬೆವರು ಸುರಿಸಿ ಕಡಿದೋರಿಗೆ ಆಗೋದಾದ್ರೆ, ಬೆವರು ಸುರಿಸಿ ಉತ್ತೋರಿಗೂ ಒಂದಿಷ್ಟು ಆಗ್ಬೇಕಲ್ರೀ? ಹೋಗ್ಲಿ ಬಿಡ್ರಿ. ಹೆಣ ಇಟ್ಕೊಂಡು ನ್ಯಾಯ ಮಾತಾಡಾಕಾಗಲ್ಲ. ಕೆರೆ ಹಿಂದೆ ಊರೋರ ಬಯಲೈತೆ. ಅತ್ತೇನ ಅಲ್ಲಿಗೇ ಒಯ್ತೀವಿ. ಗದ್ದೆ ಮಾತ್ರ ಬಿಡಲ್ಲ.”

ಜಟ್ಟಪ್ಪನ ಮುಖ ಬಾಡಿತು. “ಅಪ್ಪನ ಪಕ್ಕ ಅಂದಿದ್ಲಲ್ಲೇ ಅವ್ವ…”

ತಿಮ್ಮಮ್ಮ ಅಗೆದ ಮಣ್ಣು ಹೊರಲು ತಂದಿಟ್ಟಿದ್ದ ಬುಟ್ಟಿಯನ್ನು ಎಳೆದುಕೊಂಡು ಮಾವನ ಸಮಾಧಿಯ ಬಳಿ ಕೂತಳು. ಎರಡೂ ಕೈಯಿಂದ ಮಣ್ಣು ಬಾಚಿ ಬಾಚಿ ತುಂಬಿದಳು. ಆಮೇಲೆ ಗಂಡನನ್ನು ನೋಡಿ ಮೆತ್ತಗೆ, “ಮಾವ ಇದ್ದಲ್ಲಿಗೆ ಅತ್ತೆ ಬರಾಕಾಗದಿದ್ರೆ, ಅತ್ತೆ ಇದ್ದಲ್ಲಿಗೆ ಮಾವನೇ ಬರ್ತಾರೆ,” ಎಂದಳು. ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು ವೀರಬಸಪ್ಪನವರ ಮುಂದೆ ನಿಂತಳು. “ನಿಮ್ಮ ಗದ್ದೇದು ಒಂದು ಬುಟ್ಟಿ ಮಣ್ಣು ಒಯ್ತಿದೀನ್ರೀ. ತಕರಾರಿದ್ರೆ ಈಗ್ಲೇ ಹೇಳ್ಬಿಡ್ರಿ.”

ವೀರಬಸಪ್ಪ ಬುಟ್ಟಿಯನ್ನು ನೋಡಿದರು, ಅವಳನ್ನು ನೋಡಿದರು. ಇಲ್ಲವೆಂದು ತಲೆಯಾಡಿಸಿದರು.

ಕೆರೆಯ ಹಿಂದಿನ ಬಯಲಿನ ನೆಲ ಮೆದುವಾಗಿತ್ತು. ಊರವರು ಕೈಹಚ್ಚಿದ್ದರಿಂದ ಗುಂಡಿ ಬೇಗನೆ ಆಯಿತು. ತಿಮ್ಮಮ್ಮ ಬುಟ್ಟಿಯ ಮಣ್ಣನ್ನು ತಳದಲ್ಲಿ ಹಾಸಿಗೆಯಂತೆ ಹರಡಿಸಿದಳು. ಅದರ ಮೇಲೆ ಹೂವಮ್ಮನನ್ನು ಮಲಗಿಸಿದರು. ಬೆಳಗಿನಿಂದ ಕಲ್ಲಿನಂತೆ ನಿಂತಿದ್ದ ಜಟ್ಟಪ್ಪ ಆಗ ಮಗುವಿನಂತೆ ಅತ್ತ. ಅತ್ತು ಮುಗಿದಾಗ ಎದೆ ಹಗುರಾಗಿತ್ತು. ಅವ್ವ ಅಪ್ಪನ ಜೊತೆ ಇದ್ದಳು. ನಾಳೆ ನೀರು ಕಟ್ಟಲು ಗದ್ದೆಯೂ ಇತ್ತು. ಪಕ್ಕದ ಮನೆಯ ಹುಲಿಯಪ್ಪ ಅವನ ಬೆನ್ನು ಸವರಿ, “ಮುದುಕಿ ಸುಖವಾಗಿ ಹೋದ್ಲು ಬಿಡೋ,” ಎಂದ. ಜಟ್ಟಪ್ಪನಿಗೆ ನಗುವೂ ಬಂತು.

ವೀರಬಸಪ್ಪ ದೂರದಲ್ಲಿ, ಮತ್ತಿಯ ಮರದ ಕೆಳಗೆ ನಿಂತಿದ್ದರು. ಬಂದ ಕೆಲಸ ಆಗಿತ್ತು. ಗದ್ದೆಯಲ್ಲಿ ಯಾರೂ ಅಗೆದಿರಲಿಲ್ಲ. ಸೊರಬದ ಬಸ್ಸಿಗೂ ಹೊತ್ತಾಗುತ್ತಿತ್ತು. ಆದರೂ ಅವರು ಹೊರಟಿರಲಿಲ್ಲ. ಒಬ್ಬೊಬ್ಬರೇ ಬಂದು ಹೂವಮ್ಮನ ಮೇಲೆ ಮಣ್ಣು ಹಾಕುತ್ತಿದ್ದುದನ್ನು ನೋಡುತ್ತಿದ್ದರು.

ತಿಮ್ಮಮ್ಮ ತಲೆಯೆತ್ತಿ ಅವರನ್ನು ಕಂಡಳು.

“ಬರ್ರೀ ಸಾವ್ಕಾರ್ರೆ, ನೀವೂ ಒಂದು ಹಿಡಿ ಹಾಕ್ರಿ,” ಎಂದು ಕೂಗಿದಳು. “ಇಲ್ಲಿ ಯಾರನ್ನೂ ಕೇಳ್ಬೇಕಾಗಿಲ್ಲ.”