ಮೂರು ರಾತ್ರಿಯ ಬುತ್ತಿ

“ಇಳ್ಸಜ್ಜಿ, ಇಳ್ಸು. ವಿಮಾನಕ್ಕೂ ಸೊಂಟ ಅಂತ ಒಂದಿರುತ್ತೆ” ಎಂದ ಸೈಲಸ್.

ತುವಿ ಊರಿನ ಹುಲ್ಲು ರನ್‌ವೇಯ ಅಂಚಿನಲ್ಲಿ ಪ್ರಯಾಣಿಕರನ್ನೂ ಗಂಟುಗಳನ್ನೂ ತೂಗುವವನು ಅವನು. ತೂಕದ ಯಂತ್ರದ ಮೇಲೆ ನಿಂತ ಯಾಮೆಯಜ್ಜಿಯ ಹಣೆಯಿಂದ ಬೆನ್ನಿಗೆ ಜೋತುಬಿದ್ದ ಬಲೆಚೀಲ ಅವಳಿಗಿಂತ ದಪ್ಪಗಿತ್ತು. ಅವನು ಒಂದೊಂದಾಗಿ ಹೊರಗೆಳೆದ. ಮೂರು ರಾತ್ರಿಗಾಗುವಷ್ಟು ಗೆಣಸು, ಒಣಸೌದೆ, ಮಳೆಗೆ ಹೊದೆಯುವ ಕೇದಗೆ ಎಲೆಯ ಗೊರಬು, ಚಳಿಗೆ ಮೈಗೆ ಸವರಿಕೊಳ್ಳಲು ಬಿದಿರಿನ ನಳಿಗೆಯಲ್ಲಿ ಹಂದಿಕೊಬ್ಬು.

“ಇದೆಲ್ಲ ಯಾಕಜ್ಜಿ? ಬಾಯಲ್ಲಿರೋ ಅಡಿಕೆ ಕೆಂಪಾಗೋದ್ರೊಳಗೆ ನಿನ್ನ ತವರು ಕೆಮಿಸಾ ಬಂದ್ಬಿಡುತ್ತೆ.”

“ಯಾರಿಗೆ ಹೇಳ್ತೀಯೋ? ದಾರೀಲಿ ಮೂರು ರಾತ್ರಿ ಕಳೆದು, ಆ ಬೆಟ್ಟ ಹತ್ತಿ ಇಳಿದು ಮದುವೆಯಾಗಿ ಬಂದೋಳು ನಾನು. ನೀನು ಹಾರಿದ್ರೆ ಬೆಟ್ಟ ಚಿಕ್ಕದಾಗುತ್ತಾ?”

ಸಾಲಿನಲ್ಲಿದ್ದವರು ನಕ್ಕರು. ಸೈಲಸ್ ನಗಲಿಲ್ಲ, ಬೆಟ್ಟದ ಸಂದಿನತ್ತ ನೋಡುತ್ತಿದ್ದ. ನ್ಯೂಗಿನಿಯ ಬೆಟ್ಟಸೀಮೆಯಲ್ಲಿ ಮೋಡ ಕೊಟ್ಟ ಹೊತ್ತೇ ವಿಮಾನದ ಹೊತ್ತು. “ಮುಚ್ಕೊಳ್ತಾ ಇದೆ. ಈಗ ಹೋದ್ರೆ ಹೋದ ಹಾಗೆ. ನಾಳೆ ಮಾತು ನಾಳೆಗೆ.”

ಅಜ್ಜಿಯ ಮುಖ ಇಳಿಯಿತು. ಕೆಮಿಸಾದಿಂದ ಹಿಂದಿನ ಸಂಜೆ ರೇಡಿಯೊದಲ್ಲಿ ಮಾತು ಬಂದಿತ್ತು: ತಮ್ಮ ಹೊಂಡೊ ಊಟ ಬಿಟ್ಟಿದ್ದಾನೆ, ಅಕ್ಕನ ಒಲೆಯ ಗೆಣಸಾದರೆ ಒಂದು ತುತ್ತು ತಿನ್ನುತ್ತೇನೆ ಅನ್ನುತ್ತಾನೆ. ತಾಯಿ ತೀರಿಕೊಂಡ ಮೇಲೆ ಗೆಣಸು ಜಗಿದು ಆ ಕೂಸಿನ ಬಾಯಿಗಿಟ್ಟು ಸಾಕಿದವಳು ಅವಳೇ. ಉಳಿದದ್ದನ್ನು ತಾನೇ ಹುಲ್ಲಿಗೆ ಸುರಿದಳು. ಹೊರಡುವಾಗಷ್ಟೇ ಒಲೆಯ ಬೂದಿಯಿಂದ ತೆಗೆದು ಬಾಳೆಲೆ ಸುತ್ತಿದ್ದ ಒಂದು ಗೆಣಸನ್ನು ಮಾತ್ರ ಎದೆಗೆ ಒತ್ತಿಕೊಂಡಳು.

“ಇದನ್ನ ಮುಟ್ಟಿದ್ರೆ ಕೈ ಮುರೀತೀನಿ.”

“ಅದು ನಿನ್ನ ಮೈತೂಕಕ್ಕೇ ಸೇರ್ಲಿ ಬಿಡಜ್ಜಿ. ಹತ್ತು ಬೇಗ!”

ನೆಲ ಕೈಬಿಟ್ಟಾಗ ಅವಳು ಕಣ್ಣು ಮುಚ್ಚಿದಳು. ತೆರೆದಾಗ ಬೆಟ್ಟ ಕೆಳಗಿತ್ತು. ಮದುವಣಗಿತ್ತಿಯಾಗಿ ಅಳುತ್ತ ಮಲಗಿದ ಬಂಡೆ, ಇಡೀ ದಿನ ಇಳಿದರೂ ಮುಗಿಯದ ಕಮರಿ, ಗಂಡ ಕಾಲುಜಾರಿ ಹೋದ ಬಳ್ಳಿಸೇತುವೆಯ ಹೊಳೆ, ಎಲ್ಲವೂ ಒಂದು ಅಂಗೈಯ ಗೆರೆಗಳಂತೆ ಬಿದ್ದುಕೊಂಡಿದ್ದವು. ಮುಂದೆ ಹೊಗೆ ಕಂಡಿತು, ತವರಿನದು. ಹಿಂದಕ್ಕೆ ತಿರುಗಿದಳು. ಅಲ್ಲೂ ಹೊಗೆ, ತನ್ನದೇ ಮನೆಯ ಕಡೆಯದು. ಆ ದಾರಿಯ ಯಾವ ತುದಿಯಲ್ಲಿ ನಿಂತರೂ ಎರಡೂ ಒಟ್ಟಿಗೆ ಕಂಡದ್ದಿಲ್ಲ.

“ಒಂಚೂರು ನಿಲ್ಸಪ್ಪಾ” ಎಂದು ಪೈಲಟ್‌ಗೆ ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಬಾಯಲ್ಲಿ ಅಡಿಕೆ ಇನ್ನೂ ಕೆಂಪಾಗಿರಲಿಲ್ಲ, ಚಕ್ರ ಹುಲ್ಲಿಗೆ ತಾಗಿತು.

ಹೊಂಡೊನ ಕಣ್ಣು ಹೋಗಿ ವರ್ಷಗಳಾಗಿದ್ದವು. ಅವಳು ಚಾಪೆಯ ಪಕ್ಕ ಕೂತು, ಎಲೆ ಬಿಡಿಸಿ, ಗೆಣಸನ್ನು ಅವನ ಅಂಗೈಯಲ್ಲಿಟ್ಟಳು. ಅವನ ಕೈ ಬೆಚ್ಚಿಬಿತ್ತು. ಅಕ್ಕನ ಒಲೆಯಿಂದ ಯಾರ್ಯಾರ ಚೀಲದಲ್ಲೋ ಬೆಟ್ಟ ದಾಟಿ ಬಂದ ಗೆಣಸೆಲ್ಲ ಕಲ್ಲಿನಷ್ಟು ತಣ್ಣಗಿರುತ್ತಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ಮುಟ್ಟಿದ, ಕೆನ್ನೆಗೆ ಒತ್ತಿಕೊಂಡ. ಇನ್ನೊಂದು ಕೈಯಿಂದ ಅವಳ ಮುಖ ತಡವಿದ.

“ಬಿಸಿ ಇದೆ” ಎಂದ. “ಅಕ್ಕಾ, ಇಷ್ಟು ವರ್ಷ ನೀನು ಇಷ್ಟು ಹತ್ರ ಇದ್ಯಾ?”