ಹೂಂ ಎಂದವನು

“ಹೂಂ ಅಣ್ಣ, ಬಂದೆ,” ಎಂದುಬಿಟ್ಟ ತುಕ್ಕು.

ಮಾತು ಬಾಯಿಂದ ಬಿದ್ದ ಮೇಲೆ ಕಿವಿ ಬಿಸಿಯಾಯಿತು. ಎದುರಿಗೆ ನಿಂತ ಟೈಲರನನ್ನು ಅವನು ಜನ್ಮದಲ್ಲಿ ಕಂಡವನಲ್ಲ. ಬಂದದ್ದು ಅಂಗಡಿಯ ಚಾವಣಿಯ ಕೊಕ್ಕೆಯಲ್ಲಿ ತೂಗುತ್ತಿದ್ದ ಸೈಕಲ್ಲಿಗಾಗಿ.

ಸೈಕಲ್ ಹುಚ್ಚರ ಬಳಗದಲ್ಲಿ ಅವನಿಗೆ ತುಕ್ಕು ಎಂದೇ ಹೆಸರು. ತುಕ್ಕು ಹಿಡಿದದ್ದನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದ. ಅದರಲ್ಲೂ ಗುಡ್ಡ ಹತ್ತಿಳಿಯಲೆಂದೇ ಮಾಡಿದ ಹಳೆಯ ಸೈಕಲ್ಲುಗಳೆಂದರೆ ಪ್ರಾಣ. ಕಾರ್ಖಾನೆಗಳು ಇಂಥವನ್ನು ಮಾಡಲು ಶುರುಮಾಡುವ ಮೊದಲು ಕೆಲವೇ ಬೆಸುಗೆಗಾರರು ಕೈಯಾರೆ ಕೊಳವೆ ಕೂಡಿಸಿ ಅಲ್ಲೊಂದು ಇಲ್ಲೊಂದು ಮಾಡಿದ್ದರು. ಅಂಥದ್ದೊಂದು ಈ ಟೈಲರ್ ಅಂಗಡಿಯಲ್ಲಿದೆ ಎಂಬುದು ಬಳಗಕ್ಕೆಲ್ಲ ಗೊತ್ತಿತ್ತು. ಯಾರಿಗೂ ದಕ್ಕಿರಲಿಲ್ಲ.

“ಆ ಮನುಷ್ಯನಿಗೆ ಮರೆವು, ತಲೆ ನೆಟ್ಟಗಿಲ್ಲ. ಸೈಕಲ್ ಕೇಳಿಕೊಂಡು ಬಂದೋರನ್ನೆಲ್ಲ ತಮ್ಮ ಅಂತಾನೆ,” ಎಂದು ಪಕ್ಕದ ಬೀಗ ರಿಪೇರಿಯವನು ಮೊದಲೇ ಹೇಳಿದ್ದ.

ಹಾಗೇ ಆಯಿತು. ತುಕ್ಕು ಸೈಕಲ್ ಎಂದು ಬಾಯಿ ತೆರೆದದ್ದೇ ತಡ, ಟೈಲರ್ ಕತ್ತರಿ ಕೆಳಗಿಟ್ಟು, “ತಮ್ಮ, ಬಂದ್ಯೇನೋ?” ಎಂದಿದ್ದ.

“ಜೋರಾಗಿ ಹೇಳೋ,” ಎಂದ ಈಗ. “ನಿನ್ನ ಬಾಯಿ ಯಾವತ್ತು ಇಷ್ಟು ಸಣ್ಣ ಇತ್ತು?”

“ಬಂದೆ ಅಣ್ಣ,” ಎಂದ ತುಕ್ಕು, ಗಟ್ಟಿಯಾಗಿ.

“ಹೊಟ್ಟೆ ತುಂಬ ಉಣ್ತಿದ್ದೀಯಾ? ಕೆಮ್ಮು ಹೋಯ್ತಾ?”

“ಉಣ್ತಿದ್ದೀನಿ. ಕೆಮ್ಮು ಹೋಯ್ತು.”

ಟೈಲರ್ ಅವನ ಮುಖವನ್ನೇ ನೋಡುತ್ತಿರಲಿಲ್ಲ. ಅಂಗಡಿಯ ಹಿಂಭಾಗವನ್ನು ಮರೆಮಾಡಿದ ಪರದೆಯ ಕಡೆ ತಿರುಗಿ ನಿಂತಿದ್ದ. ಅದರಾಚೆ ಮಂಚವೊಂದು ಕಿರುಗುಟ್ಟಿತು. ಮೇಜಿನ ಮೇಲೆ ಅರ್ಧ ಕತ್ತರಿಸಿದ ಕೋಟಿನ ಬಟ್ಟೆ ಹರಡಿತ್ತು. ಹೆಗಲ ತಿರುವಿನಲ್ಲಿ ಸೀಮೆಸುಣ್ಣದ ಗೆರೆ ಎಲ್ಲೂ ತಡವರಿಸದೆ ಓಡಿತ್ತು. ಕಂಡರೂ ತುಕ್ಕುವಿಗೆ ಏನೂ ಹೊಳೆಯಲಿಲ್ಲ. ಅವನ ಕಣ್ಣು ಚಾವಣಿಯಲ್ಲಿತ್ತು.

“ನಿನ್ನ ಸೈಕಲ್ ನೀನೇ ತಗೊಂಡು ಹೋಗು. ರೇಸಿಗೆ ಹೊತ್ತಾಯ್ತಲ್ಲ, ಹೊರಡು ಹೊರಡು.”

ಟೈಲರ್ ಸ್ಟೂಲು ಹತ್ತಿ ಕೊಕ್ಕೆ ಬಿಡಿಸಿದ. ತುಕ್ಕು ಕೆಳಗೆ ನಿಂತು ಚಕ್ರ ಹಿಡಿದುಕೊಂಡ.

ಮನೆಯ ಶೆಡ್ಡಿನಲ್ಲಿ ಅದನ್ನು ಸ್ಟ್ಯಾಂಡಿಗೇರಿಸಿದ. ಎಮ್ಮೆಯ ಕೊಂಬಿನಂತೆ ಅಗಲಿಸಿದ ಹ್ಯಾಂಡಲ್, ಹೆಬ್ಬೆರಳಿಗೆ ಸಿಗುವಂತೆ ಕೂರಿಸಿದ ಗೇರಿನ ಕಡ್ಡಿ, ದಪ್ಪ ಟೈರು. ಬಣ್ಣ ಮೂಲದ್ದೇ. ಇಂಥದ್ದಕ್ಕೆ ಹೊಸ ಬಣ್ಣ ಬಳಿಯಬಾರದು, ಬಳಿದರೆ ಅದು ಬಾಳಿದ ಬಾಳೇ ಅಳಿಸಿಹೋಗುತ್ತದೆ. ಎಣ್ಣೆಬಟ್ಟೆಯಲ್ಲಿ ಸಾವಧಾನವಾಗಿ ಒರೆಸಬೇಕು, ಅಷ್ಟೇ.

“ಕೇಳಿದ ಕೂಡಲೇ ಕೊಟ್ಟುಬಿಟ್ರಾ?” ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

“ಒಳ್ಳೆ ಮನುಷ್ಯ,” ಎಂದ. ಹೇಳುವಾಗ ಅವಳ ಕಡೆ ನೋಡಲಾಗಲಿಲ್ಲ.

ಅವಳು ಹೋದ ಮೇಲೆ ಹ್ಯಾಂಡಲ್ ಹಿಡಿದ. ಹಿಡಿಯ ರಬ್ಬರಿನಲ್ಲಿ ಒಂದು ಕಡೆ ಗುಳಿ ಬಿದ್ದಿತ್ತು. ಯಾರದೋ ಹೆಬ್ಬೆರಳು ವರ್ಷಗಟ್ಟಲೆ ಒತ್ತಿ ಒತ್ತಿ ಆದ ಗುಳಿ. ತನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ತೆಗೆದ.

ಭಾನುವಾರ ಬಳಗದವರು ನೋಡಲು ಬಂದರು. ಎಲ್ಲರಿಗಿಂತ ಹಿರಿಯ ಚೈನ್ ಮಾವ ಸೈಕಲ್ಲಿನ ಸುತ್ತ ಎರಡು ಸುತ್ತು ಬಂದು ನಿಟ್ಟುಸಿರುಬಿಟ್ಟರು.

“ನಾನೂ ಹೋಗಿದ್ದೆ ಕಣೋ. ನನ್ನನ್ನೂ ತಮ್ಮ ಅಂದ. ಈ ಬೋಳುತಲೆ ಇಟ್ಕೊಂಡು ನಾನು ಯಾರಿಗೆ ತಮ್ಮ ಆಗಲಿ? ನಾನಲ್ಲಪ್ಪ ಅಂದೆ. ಪಾಪ, ಮುಖ ಸಪ್ಪಗಾಗಿಹೋಯ್ತು. ಅಂಥವನ ಹತ್ರ ಏನು ಕೇಳೋದು ಅಂತ ಸುಮ್ಮನೆ ವಾಪಸ್ ಬಂದೆ. ನಿನಗೆ ಹೇಗೆ ಕೊಟ್ಟ?”

ತುಕ್ಕು ಬ್ರೇಕಿನ ತಂತಿ ಬಿಗಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿದ. ತಂತಿ ಬಿಗಿಯಾಗಿಯೇ ಇತ್ತು.

“ಅವನ ಅದೃಷ್ಟ ಬಿಡಿ ಮಾವ,” ಎಂದರು ಯಾರೋ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಹೊಟ್ಟೆಕಿಚ್ಚಿತ್ತು, ಮೆಚ್ಚುಗೆಯಿತ್ತು. ಅವನಿಗೆ ಎರಡೂ ಉಗಿದಂತೆ ಕೇಳಿಸಿತು. ಬುದ್ಧಿ ಸ್ವಾಧೀನದಲ್ಲಿಲ್ಲದವನ ತಮ್ಮನಾಗಿ ನಟಿಸಿ ತಂದ ಮಾಲು ಇದು. ಕಳ್ಳನಾದರೂ ಬೀಗ ಒಡೆಯುವ ಕಷ್ಟಪಡುತ್ತಾನೆ.

ಮರುದಿನ ಬೆಳಿಗ್ಗೆ ಸೈಕಲ್ಲನ್ನು ತಳ್ಳಿಕೊಂಡೇ ಹೊರಟ. ಹತ್ತಿ ತುಳಿಯಲು ಮುಖವಿರಲಿಲ್ಲ. ಗೊತ್ತಿದ್ದವರು ಎದುರಾದಾಗ ರಸ್ತೆಯ ಆಚೆ ಬದಿಗೆ ದಾಟಿದ.

ಟೈಲರ್ ಹೊಲಿಯುತ್ತಿದ್ದ. ತುಕ್ಕು ಸೈಕಲ್ಲನ್ನು ಗೋಡೆಗೆ ಒರಗಿಸಿ, ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಒಂದೇ ಉಸಿರಿಗೆ ಹೇಳಿದ.

“ನಾನು ನಿಮ್ಮ ತಮ್ಮ ಅಲ್ಲ. ನಿಮಗೆ ಮರೆವು ಅಂತ ಗೊತ್ತಿದ್ದೇ ಹೂಂ ಅಂದೆ. ಸೈಕಲ್ ಆಸೆಗೆ ಮೋಸ ಮಾಡಿದೆ. ಏನು ಬೈತೀರೋ ಬೈಯಿರಿ.”

ಟೈಲರ್ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದ. ಈ ಸಲ ನೇರ ಮುಖ ನೋಡಿದ.

“ನೀವು ತಮ್ಮ ಅಲ್ಲ ಅಂತ ನನಗೆ ಗೊತ್ತಿಲ್ವಾ ಸಾರ್? ಅವನನ್ನ ಮಣ್ಣು ಮಾಡಿ, ಈ ಸೈಕಲ್ ತಗೊಂಡು ಬಂದವನು ನಾನೇ. ರೇಸಿಗೆ ಅಂತ ಹೋದವನು, ಆ ಊರಿನ ಆಸ್ಪತ್ರೇಲಿ ಹೋಗಿಬಿಟ್ಟ. ಅಮ್ಮನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವಳಿಗೆ ಕಣ್ಣು ಕಾಣ್ತಿರಲಿಲ್ಲ, ಕಿವಿಯೂ ಅರೆಬರೆ. ಆ ಪರದೆ ಹಿಂದೆ ಮಲಗಿ ಅವನ ದನಿಗೆ ಕಾಯ್ತಿದ್ಲು.”

ತುಕ್ಕು ಪರದೆಯ ಕಡೆ ತಿರುಗಿ ನೋಡಿದ.

“ನೀವು ಬಂದು ಹೋದ ಮಾರನೇ ದಿನ ಅಮ್ಮ ತೀರಿಕೊಂಡ್ಲು. ಚಿಕ್ಕೋನು ಬಂದಿದ್ದ, ಕೆಮ್ಮು ಹೋಗಿದೆಯಂತೆ ಅಂತ ನನಗೇ ಹೇಳಿದ್ಲು.” ಟೈಲರ್ ಎದ್ದು ಸೈಕಲ್ಲನ್ನು ಅವನ ಕಡೆಗೆ ತಳ್ಳಿದ. “ನಿಮಗಿಂತ ಮೊದಲು ಬಂದೋರೆಲ್ಲ ತುಂಬ ಒಳ್ಳೆಯವರು ಸಾರ್. ನಿಜ ಹೇಳಿ ಹೋಗಿಬಿಟ್ರು.”